ನೆರೆ ಯಾವ ತಿಂಗಳು ಬರುತ್ತಿತ್ತು? ನದಿಗಳು ಮೊದಲ ನಗರಗಳನ್ನು ರೂಪಿಸಿದ ಬಗೆ

2025ರ ಏಪ್ರಿಲ್ 23ರಂದು ಭಾರತ ಸರ್ಕಾರ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಶಾಲೆ ಬಿಟ್ಟ ಮೇಲೆ ಮರೆತೇ ಹೋಗಿದ್ದ ಹೆಸರುಗಳು ದಿನವೂ ಟಿವಿಯಲ್ಲಿ ಕೇಳಿಬಂದವು. ಸಿಂಧೂ, ಝೇಲಂ, ಚಿನಾಬ್, ರಾವಿ, ಬಿಯಾಸ್, ಸಟ್ಲೆಜ್. 1960ರ ಆ ಒಪ್ಪಂದದ ಪ್ರಕಾರ ಮೊದಲ ಮೂರರ ನೀರು ಬಹುಪಾಲು ಪಾಕಿಸ್ತಾನಕ್ಕೆ, ಉಳಿದ ಮೂರರದ್ದು ಭಾರತಕ್ಕೆ. ಒಪ್ಪಂದದ ರಾಜಕೀಯ ಇಲ್ಲಿ ಬೇಡ. ಸುಮಾರು 4,500 ವರ್ಷಗಳ ಹಿಂದೆ ಇದೇ ನದಿಗಳ ಬಯಲಿನಲ್ಲಿ ಹರಪ್ಪ, ಮೊಹೆಂಜೊದಾರೊದಂಥ ದೊಡ್ಡ ನಗರಗಳಿದ್ದವು. ಹರಪ್ಪ ಇದ್ದದ್ದು ರಾವಿಯ ದಂಡೆಯಲ್ಲಿ, ಮೊಹೆಂಜೊದಾರೊ ಸಿಂಧೂವಿನ ಪಕ್ಕದಲ್ಲಿ. ಆ ನೀರಿಗೂ ಆ ನಗರಗಳಿಗೂ ಏನು ನಂಟು?

‘ನಾಗರಿಕತೆಗಳು ನದಿ ದಂಡೆಯಲ್ಲಿ ಹುಟ್ಟಿದವು’ ಎಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆದವರೇ. ಮಾತು ನಿಜ, ಆದರೆ ಅರ್ಧ ಮಾತ್ರ. ಆಫ್ರಿಕಾದ ಕಾಂಗೋ ನದಿಯಲ್ಲಿ ನೈಲ್‌ಗಿಂತ ಎಷ್ಟೋ ಪಟ್ಟು ನೀರು ಹರಿಯುತ್ತದೆ. ನಮ್ಮ ಶರಾವತಿಗೂ ಮಳೆಗಾಲದಲ್ಲಿ ನೀರಿನ ಬರವಿಲ್ಲ. ಮೊದಲ ನಗರಗಳು ಅಲ್ಲೇಕೆ ಏಳಲಿಲ್ಲ?

ಮಳೆ ಕಡಿಮೆ, ನೀರು ಜಾಸ್ತಿ

ನಾಗರಿಕತೆ ಎಂಬುದಕ್ಕೆ ಸದ್ಯಕ್ಕೆ ಒಂದು ಸರಳ ಅರ್ಥ ಇಟ್ಟುಕೊಳ್ಳೋಣ. ಒಂದೇ ಊರಿನಲ್ಲಿ ಸಾವಿರಾರು ಜನ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಹೊಲದ ಕಡೆ ತಲೆ ಹಾಕುವುದೇ ಇಲ್ಲ. ಒಬ್ಬ ಮಡಕೆ ಮಾಡುತ್ತಾನೆ, ಒಬ್ಬ ಮಣಿ ಕೊರೆಯುತ್ತಾನೆ, ಇನ್ನೊಬ್ಬ ಲೆಕ್ಕ ಬರೆಯುತ್ತಾನೆ. ಇವರೆಲ್ಲರ ಹೊಟ್ಟೆ ತುಂಬಬೇಕಾದರೆ ಬೆಳೆಯುವವರು ತಮ್ಮ ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ ಬೆಳೆಯಬೇಕು. ಆ ಕಾಳು ಕೆಡದೆ ಉಳಿಯಬೇಕು. ಹೊಲದಿಂದ ಊರಿಗೆ ಸಾಗಬೇಕು.

ಈ ಮೂರೂ ಕೂಡಿಬಂದ ಜಾಗಗಳನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನೈಲ್ ಹರಿಯುವ ಈಜಿಪ್ಟ್, ಟೈಗ್ರಿಸ್ ಮತ್ತು ಯೂಫ್ರೆಟಿಸ್ ಹರಿಯುವ ಇರಾಕ್, ಸಿಂಧೂ ಹರಿಯುವ ಸಿಂಧ್ ಪ್ರಾಂತ್ಯ, ಮೂರೂ ಒಣ ನಾಡುಗಳು. ನೀರು ಬರುವುದು ನೂರಾರು ಮೈಲಿ ಆಚೆಯ ಬೆಟ್ಟಗಳಿಂದ. ಒಣ ನಾಡಿನಲ್ಲಿ ಕೂಡಿಟ್ಟ ಕಾಳಿಗೆ ಬೂಸ್ಟು ಹಿಡಿಯುವುದು ಕಡಿಮೆ. ಕಡಿದು ಹಾಕಲು ದಟ್ಟ ಕಾಡೂ ಇಲ್ಲ. ಜನ ನದಿ ಬಿಟ್ಟು ದೂರ ಹೋಗಿ ನೆಲೆಸುವ ಹಾಗೂ ಇಲ್ಲ. ಹೀಗಾಗಿ ಎಲ್ಲರೂ ಹಸಿರು ಪಟ್ಟಿಯೊಳಗೇ ಒತ್ತೊತ್ತಾಗಿ ಉಳಿಯುತ್ತಾರೆ.

ನೀರಿನ ಜತೆ ಮಣ್ಣೂ ಬರುತ್ತದೆ. ಬೆಟ್ಟದಲ್ಲಿ ರಭಸದಿಂದ ಇಳಿಯುವ ನದಿ ಮಣ್ಣನ್ನು ಕೊಚ್ಚಿಕೊಂಡು ಬರುತ್ತದೆ. ಬಯಲಿಗೆ ಬಂದಾಗ ರಭಸ ತಗ್ಗಿ ಅದನ್ನು ಅಲ್ಲೇ ಬಿಡುತ್ತದೆ. ಇದೇ ಮೆಕ್ಕಲು ಮಣ್ಣು. ತುಂಬಿದ ನದಿ ದಂಡೆ ದಾಟಿ ಹರಡಿಕೊಳ್ಳುವ ಜಾಗಕ್ಕೆ ನೆರೆ ಬಯಲು ಎನ್ನೋಣ. ಅಲ್ಲಿ ಪ್ರತಿ ವರ್ಷ ಹೊಸ ಮಣ್ಣಿನ ಪದರ ಕೂರುತ್ತದೆ. ಗೊಬ್ಬರ ಹೊರುವ ಕೆಲಸವನ್ನು ನದಿಯೇ ಮಾಡಿಬಿಡುತ್ತದೆ.

ಇಷ್ಟರಲ್ಲಿ ಮೂರೂ ನಾಡುಗಳು ಒಂದೇ ಥರ. ಆದರೆ ನೆರೆ ಯಾವ ತಿಂಗಳು ಬರುತ್ತದೆ ಎಂದು ಕೇಳಿದ ಕೂಡಲೇ ಮೂರರ ದಾರಿಯೂ ಬೇರೆಯಾಗುತ್ತದೆ.

ನೈಲ್: ಬಿತ್ತನೆಗೆ ಮೊದಲು ಬಂದು ಹೋಗುವ ನೆರೆ

ಇಥಿಯೋಪಿಯಾದ ಎತ್ತರದ ನೆಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ. ಆ ನೀರು ಈಜಿಪ್ಟಿಗೆ ಬಂದು ಹೊಲಗಳ ಮೇಲೆ ಹರಡಿ, ಅಕ್ಟೋಬರ್ ಹೊತ್ತಿಗೆ ಇಳಿಯುತ್ತಿತ್ತು. ಗೋಧಿ ಮತ್ತು ಬಾರ್ಲಿ ಚಳಿಗಾಲದ ಬೆಳೆಗಳು. ನೀರು ಇಳಿದ ಮೇಲೆ ಹದವಾದ ಒದ್ದೆ ಮಣ್ಣಿನಲ್ಲಿ ಬೀಜ ಚೆಲ್ಲಿದರೆ ವಸಂತದ ಹೊತ್ತಿಗೆ ಕೊಯ್ಲು. ಮತ್ತೆ ನೆರೆ ಬರುವಷ್ಟರಲ್ಲಿ ಕಾಳು ಕಣಜ ಸೇರಿರುತ್ತಿತ್ತು. ಈಜಿಪ್ಟಿನವರು ವರ್ಷವನ್ನು ಮೂರೇ ಕಾಲಗಳಾಗಿ ಹಂಚಿದ್ದರು. ನೆರೆಯ ಕಾಲ, ಬೆಳೆಯ ಕಾಲ, ಕೊಯ್ಲಿನ ಕಾಲ. ಒಂದೊಂದೂ ನಾಲ್ಕು ತಿಂಗಳು.

ನೆರೆ ಎಷ್ಟು ಎತ್ತರಕ್ಕೆ ಏರಿತು ಎಂದು ಗುರುತಿಸಲು ನದಿ ದಂಡೆಯಲ್ಲಿ ಕಲ್ಲಿನ ಅಳತೆ ಮೆಟ್ಟಿಲುಗಳಿದ್ದವು. ಅದನ್ನು ನೋಡಿಯೇ ಆ ವರ್ಷದ ಬೆಳೆ ಎಷ್ಟಾಗಬಹುದು, ತೆರಿಗೆ ಎಷ್ಟು ಹಾಕಬಹುದು ಎಂಬ ಅಂದಾಜು. ತೆರಿಗೆಯವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು!

ನೈಲ್‌ಗೆ ಇನ್ನೊಂದು ಗುಣವಿದೆ. ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ, ಗಾಳಿ ಹೆಚ್ಚಾಗಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಹೋಗುವಾಗ ಹರಿವಿನ ಜತೆ ತೇಲಿದರೆ ಸಾಕು, ಬರುವಾಗ ಹಾಯಿ ಬಿಚ್ಚಿದರೆ ಸಾಕು. ಎಡಬಲದಲ್ಲಿ ಮರಳುಗಾಡು, ದಕ್ಷಿಣದಲ್ಲಿ ದೋಣಿ ದಾಟಲಾಗದ ಬಂಡೆಗಳ ಸಾಲು. ಹೊರಗಿನವರು ಒಳಗೆ ಬರುವುದು ಕಷ್ಟ, ಒಳಗಿನ ಅಧಿಕಾರಿ ಓಡಾಡುವುದು ಸುಲಭ. ಕ್ರಿ.ಪೂ. 3100ರ ಸುಮಾರಿಗೇ ಉದ್ದುದ್ದದ ಈ ನಾಡು ಒಬ್ಬ ರಾಜನ ಕೈಗೆ ಬಂದದ್ದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ.

ಟೈಗ್ರಿಸ್, ಯೂಫ್ರೆಟಿಸ್: ಕೊಯ್ಲಿನ ಹೊತ್ತಿಗೆ ನುಗ್ಗುವ ನೀರು

ಇಂದಿನ ಇರಾಕಿನ ಬಯಲಿಗೆ ಹಿಂದೆ ಮೆಸೊಪೊಟೇಮಿಯ ಎಂಬ ಹೆಸರು. ಇಲ್ಲೂ ಗೋಧಿ, ಬಾರ್ಲಿಯೇ. ಬಿತ್ತನೆ ಚಳಿಗಾಲದ ಮುಂಚೆ, ಕೊಯ್ಲು ಏಪ್ರಿಲ್, ಮೇ ಹೊತ್ತಿಗೆ. ತೊಂದರೆ ಎಂದರೆ ಈ ನದಿಗಳ ನೀರು ಬರುವುದು ಟರ್ಕಿಯ ಬೆಟ್ಟಗಳ ಹಿಮ ಕರಗಿ. ಹಿಮ ಕರಗುವುದು ವಸಂತದಲ್ಲಿ. ಅಂದರೆ ತೆನೆ ಬಲಿತು ನಿಂತಾಗ ನೆರೆ ನುಗ್ಗುತ್ತದೆ. ಬಿತ್ತನೆಗೆ ನೀರು ಬೇಕಾದಾಗ ನದಿ ಸೊರಗಿರುತ್ತದೆ.

ಬೇರೆ ದಾರಿ ಇರಲಿಲ್ಲ. ನೆರೆ ತಡೆಯಲು ಒಡ್ಡು, ನೀರು ತರಲು ಕಾಲುವೆ, ಹೂಳು ತೆಗೆಯಲು ವರ್ಷ ವರ್ಷವೂ ಆಳುಗಳು. ಇದು ಒಂದು ಮನೆಯ ಕೆಲಸವಲ್ಲ. ಯಾರ ಪಾಳಿ, ಯಾರ ಪಾಲು, ಯಾರು ಕೊಟ್ಟರು, ಯಾರು ಬಾಕಿ ಎಂಬ ಲೆಕ್ಕ ಬೇಕು. ಇಲ್ಲಿನ ಉರುಕ್ ನಗರದಲ್ಲಿ ಸಿಕ್ಕ ಅತಿ ಹಳೆಯ ಮಣ್ಣಿನ ಹಲಗೆಗಳಲ್ಲಿ ಕಥೆ ಕಾವ್ಯ ಇಲ್ಲ. ಬಹುಪಾಲು ಕಾಳುಕಡಿ, ಕುರಿ, ಕೂಲಿಯ ಲೆಕ್ಕಗಳೇ.

ನೀರಿನ ಜಗಳವೂ ಅಷ್ಟೇ ಹಳೆಯದು. ಲಗಾಶ್ ಮತ್ತು ಉಮ್ಮ ಎಂಬ ನೆರೆಹೊರೆಯ ಎರಡು ನಗರಗಳು ಒಂದು ಹೊಲದ ಬಯಲಿಗಾಗಿ ಮತ್ತು ಅದರ ಗಡಿ ಕಾಲುವೆಗಾಗಿ ತಲೆಮಾರುಗಟ್ಟಲೆ ಹೊಡೆದಾಡಿದವು. ಕ್ರಿ.ಪೂ. 2500ರ ಆಸುಪಾಸಿನ ಈ ಜಗಳವನ್ನು ಲಗಾಶಿನವರು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ. ಅದು ಗೆದ್ದವರ ಕಡೆಯ ಕಥೆ ಅನ್ನಿ. ಮುಂದೆ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿನಲ್ಲಿ ಒಂದು ನಿಯಮ ಬಂತು. ತನ್ನ ಒಡ್ಡನ್ನು ಸರಿಯಾಗಿ ನೋಡಿಕೊಳ್ಳದೆ ಪಕ್ಕದವನ ಹೊಲ ಮುಳುಗಿಸಿದವನು ಹಾಳಾದ ಕಾಳಿನ ನಷ್ಟ ತುಂಬಬೇಕು.

ಕಾಲುವೆ ನೀರಿನಲ್ಲಿ ಇನ್ನೊಂದು ಅಪಾಯ ಕಾದಿತ್ತು. ನದಿ ನೀರಿನಲ್ಲಿ ಸ್ವಲ್ಪ ಉಪ್ಪಿನ ಅಂಶ ಇದ್ದೇ ಇರುತ್ತದೆ. ಬಿಸಿಲಿಗೆ ನೀರು ಆವಿಯಾದರೂ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ನೀರು ಬಸಿದು ಹೋಗಲು ಇಳಿಜಾರಿಲ್ಲದ ಕಡೆ ಅದು ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಅವರು ಸವಳು, ಜವಳು ಎನ್ನುವುದು ಇದನ್ನೇ. ದಕ್ಷಿಣ ಮೆಸೊಪೊಟೇಮಿಯದಲ್ಲಿ ಗೋಧಿ ಹಿಂದೆ ಸರಿದು, ಉಪ್ಪು ತಡೆಯುವ ಬಾರ್ಲಿ ಹೊಲ ತುಂಬಿದ್ದಕ್ಕೆ ಈ ಉಪ್ಪೇ ಕಾರಣ ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ.

ಸಿಂಧೂ: ಎರಡು ಮಳೆಗಳ ನಡುವಿನ ನಾಡು

ಸಿಂಧೂ ಹುಟ್ಟುವುದು ಟಿಬೆಟ್‌ನಲ್ಲಿ, ಕೈಲಾಸ ಪರ್ವತದ ಕಡೆ. ಬೇಸಿಗೆಯಲ್ಲಿ ಹಿಮ ಕರಗಿದ ನೀರು ಮೊದಲು ಬರುತ್ತದೆ. ಅದರ ಬೆನ್ನಿಗೇ ಮುಂಗಾರು ಮಳೆಯ ನೀರು ಸೇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ನದಿ ತುಂಬಿ ಹರಡುತ್ತದೆ, ಚಳಿಗಾಲಕ್ಕೆ ಮೊದಲು ಇಳಿಯುತ್ತದೆ. ನೈಲ್‌ನ ಹಾಗೆಯೇ ಇಲ್ಲೂ ನೆರೆ ಇಳಿದ ನೆಲದಲ್ಲಿ ಗೋಧಿ, ಬಾರ್ಲಿ ಬಿತ್ತಬಹುದು. ದೊಡ್ಡ ದೊಡ್ಡ ಕಾಲುವೆಗಳ ಬಲೆ ಇಲ್ಲಿ ಬೇಕಾಗಲಿಲ್ಲ, ಸಿಕ್ಕಿಯೂ ಇಲ್ಲ.

ಆದರೆ ಸಿಂಧೂ ನೈಲ್‌ನಷ್ಟು ಸಾಧು ನದಿಯಲ್ಲ. ನೀರು ಹೆಚ್ಚು, ಹೂಳು ಹೆಚ್ಚು, ಕೋಪವೂ ಹೆಚ್ಚು. ಅದಕ್ಕೇ ಮೊಹೆಂಜೊದಾರೊದ ಜನ ಮೊದಲು ಹಸಿ ಇಟ್ಟಿಗೆ ಮತ್ತು ಮಣ್ಣಿನಿಂದ ಎತ್ತರದ ಜಗಲಿಗಳನ್ನು ಕಟ್ಟಿ, ಅದರ ಮೇಲೆ ಮನೆ ಕಟ್ಟಿದರು. ಕುಡಿಯುವ ನೀರಿಗೆ ನದಿಗೆ ಹೋಗಲಿಲ್ಲ, ಊರೊಳಗೇ ಬಾವಿ ತೋಡಿದರು. ಆ ಊರಿನಲ್ಲಿ 700ರಷ್ಟು ಬಾವಿಗಳಿದ್ದಿರಬಹುದು ಎಂಬ ಅಂದಾಜಿದೆ. ದುಂಡನೆ ಬಾವಿಗೆ ಸಾಮಾನ್ಯ ಇಟ್ಟಿಗೆ ಹೊಂದುವುದಿಲ್ಲ, ಒಂದು ಕಡೆ ಕಿರಿದಾದ ಬೇರೆಯೇ ಇಟ್ಟಿಗೆ ಸುಟ್ಟರು. ಮನೆಯ ಬಚ್ಚಲಿನ ನೀರು ಬೀದಿಯ ಮುಚ್ಚಿದ ಚರಂಡಿಗೆ ಹೋಗುತ್ತಿತ್ತು. ಇಷ್ಟೆಲ್ಲ ಕಟ್ಟಿದವರ ಊರಿನಲ್ಲಿ ಇದೇ ಅರಮನೆ, ಇದೇ ರಾಜನ ಸಮಾಧಿ ಎಂದು ಖಚಿತವಾಗಿ ಬೆರಳು ತೋರಿಸುವಂಥದ್ದು ಒಂದೂ ಇಲ್ಲ.

‘ನೀರು ಹಂಚಲು ಅಧಿಕಾರಿ ಬೇಕು, ಅಧಿಕಾರಿಯೇ ಮುಂದೆ ರಾಜನಾದ’ ಎಂಬ ವಾದ 20ನೇ ಶತಮಾನದಲ್ಲಿ ಬಹಳ ಓಡಾಡಿತು. ಕೇಳಲು ಚೆನ್ನಾಗಿದೆ. ಆದರೆ ಮೆಸೊಪೊಟೇಮಿಯದಲ್ಲೇ ಮೊದಲ ಕಾಲುವೆಗಳನ್ನು ತೆಗೆದವರು ಸಣ್ಣ ಹಳ್ಳಿಗಳ ಜನ, ರಾಜರು ಬಂದದ್ದು ಆಮೇಲೆ. ಸಿಂಧೂ ನಗರಗಳಂತೂ ಈ ವಾದಕ್ಕೆ ಸುಲಭವಾಗಿ ಸಿಗುವುದಿಲ್ಲ.

ಸಿಂಧೂ ನಾಡಿನ ದೊಡ್ಡ ಅನುಕೂಲ ಮಳೆಯಲ್ಲಿತ್ತು. ಇಲ್ಲಿಗೆ ಎರಡು ಕಡೆಯಿಂದ ಮಳೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಮೋಡಗಳು ಪಂಜಾಬ್, ಬಲೂಚಿಸ್ತಾನದ ಕಡೆ ತುಂತುರು ಹನಿಸುತ್ತವೆ. ಬೇಸಿಗೆ ಮುಗಿದ ಮೇಲೆ ಮುಂಗಾರು ಗುಜರಾತ್, ಹರಿಯಾಣದ ಕಡೆ ಸುರಿಯುತ್ತದೆ. ಒಂದು ಕಡೆ ಹಿಂಗಾರಿನಲ್ಲಿ ಗೋಧಿ, ಬಾರ್ಲಿ, ಬಟಾಣಿ. ಇನ್ನೊಂದು ಕಡೆ ಮುಂಗಾರಿನಲ್ಲಿ ಸಿರಿಧಾನ್ಯ, ಎಳ್ಳು, ಹತ್ತಿ. ಒಂದು ಮಳೆ ಕೈಕೊಟ್ಟರೂ ಇನ್ನೊಂದು ಕಡೆಯ ಕಾಳು ಸಾಗಿ ಬರಬಹುದಿತ್ತು. ರಾಜಸ್ಥಾನದ ಕಾಲಿಬಂಗನ್‌ನಲ್ಲಿ ದೊಡ್ಡ ನಗರಗಳು ಏಳುವುದಕ್ಕೂ ಸ್ವಲ್ಪ ಮೊದಲಿನ ಉತ್ತ ಹೊಲವೇ ಸಿಕ್ಕಿದೆ. ಉದ್ದಕ್ಕೂ ಅಡ್ಡಕ್ಕೂ ಎರಡು ಥರದ ಸಾಲುಗಳಿವೆ. ಒಂದೇ ಹೊಲದಲ್ಲಿ ಎರಡು ಬೆಳೆ ತೆಗೆಯಲು ಹೀಗೆ ಉತ್ತಿರಬೇಕು. ನಮ್ಮಲ್ಲಿ ಅಕ್ಕಡಿ ಸಾಲು ಎನ್ನುತ್ತೇವಲ್ಲ, ಅಂಥದ್ದು.

ಬಯಲಿನಲ್ಲಿ ಮಣ್ಣಿದೆ, ಬೇರೇನೂ ಇಲ್ಲ

ಮೆಕ್ಕಲು ಬಯಲಿನ ಒಂದು ಕಷ್ಟ ಏನೆಂದರೆ, ಅಲ್ಲಿ ಅಗೆದಷ್ಟೂ ಮಣ್ಣೇ. ಕಲ್ಲು, ಲೋಹ, ಒಳ್ಳೆಯ ಮರ ಹೊರಗಿನಿಂದ ಬರಬೇಕು. ಈಜಿಪ್ಟಿನವರಿಗೆ ನದಿಯ ಎರಡೂ ಕಡೆ ಕಲ್ಲಿನ ಗುಡ್ಡಗಳಿದ್ದವು, ಪಿರಮಿಡ್ ಎದ್ದಿತು. ಮೆಸೊಪೊಟೇಮಿಯದವರು ಹಸಿ ಇಟ್ಟಿಗೆಯಲ್ಲೇ ಕಟ್ಟಿದರು, ಹಾಗಾಗಿ ಅವರ ನಗರಗಳು ಇಂದು ಕರಗಿದ ಮಣ್ಣಿನ ದಿಬ್ಬಗಳು. ಹರಪ್ಪದವರು ಇಟ್ಟಿಗೆ ಸುಟ್ಟರು. ದಪ್ಪ, ಅಗಲ, ಉದ್ದ 1:2:4ರ ಪ್ರಮಾಣದಲ್ಲಿ, ದೂರ ದೂರದ ಊರುಗಳಲ್ಲೂ ಒಂದೇ ಲೆಕ್ಕ. ಆ ಇಟ್ಟಿಗೆಯ ಗಟ್ಟಿತನವೇ ಕೊನೆಗೆ ಹರಪ್ಪಕ್ಕೆ ಮುಳುವಾಯಿತು. 19ನೇ ಶತಮಾನದಲ್ಲಿ ಲಾಹೋರ್–ಮುಲ್ತಾನ್ ರೈಲು ದಾರಿ ಹಾಕುವಾಗ ಗುತ್ತಿಗೆದಾರರು ಹರಪ್ಪದ ಇಟ್ಟಿಗೆಗಳನ್ನು ಹೇರಿಕೊಂಡು ಹೋಗಿ ಹಳಿಯ ಕೆಳಗೆ ಸುರಿದರು.

ಬೇರೆ ಸಾಮಾನಿಗೆ ನದಿಯೇ ರಸ್ತೆ. ಹಿಮಾಲಯದ ದೇವದಾರು ಮರ, ರಾಜಸ್ಥಾನದ ಅರಾವಳಿಯ ತಾಮ್ರ, ಗುಜರಾತಿನ ಕೆಂಪು ಮಣಿಕಲ್ಲು, ಅಫ್ಘಾನಿಸ್ತಾನದ ಬದಖ್ಶಾನಿನ ನೀಲಿ ಕಲ್ಲು ಎಲ್ಲವೂ ಬಯಲಿನ ನಗರಗಳಿಗೆ ಬರುತ್ತಿದ್ದವು. ನೀಲಿ ಕಲ್ಲಿಗಾಗಿಯೇ ಇರಬೇಕು, ಉತ್ತರ ಅಫ್ಘಾನಿಸ್ತಾನದ ಶೋರ್ತುಗಾಯ್ ಎಂಬಲ್ಲಿ ಹರಪ್ಪದವರ ಒಂದು ನೆಲೆಯಿತ್ತು. ಇತ್ತ ಸಮುದ್ರದ ದಾರಿ ಪರ್ಷಿಯನ್ ಕೊಲ್ಲಿಗೆ ಹೋಗುತ್ತಿತ್ತು. ಮೆಲುಹ್ಹ ಎಂಬ ನಾಡಿನ ಹಡಗುಗಳು ತನ್ನ ಬಂದರಿನಲ್ಲಿ ಲಂಗರು ಹಾಕಿವೆ ಎಂದು ಮೆಸೊಪೊಟೇಮಿಯದ ಅಕ್ಕಾಡ್ ರಾಜ್ಯದ ರಾಜ ಸಾರ್ಗೋನ್ ಹೆಮ್ಮೆಯಿಂದ ಬರೆಸಿದ್ದಾನೆ. ಆ ಮೆಲುಹ್ಹ ಸಿಂಧೂ ನಾಡೇ ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ.

ನದಿ ಜಾಗ ಬದಲಿಸಿದರೆ

ಭೂಪಟದಲ್ಲಿ ನದಿ ಒಂದು ನೀಲಿ ಗೆರೆ. ಬಯಲಿನಲ್ಲಿ ಅದು ಹಾಗೆ ನಿಲ್ಲುವುದಿಲ್ಲ. ಹೊಲದ ಕಾಲುವೆಯ ಹೂಳು ನಾಲ್ಕಾರು ವರ್ಷ ತೆಗೆಯದೆ ಬಿಟ್ಟರೆ ಏನಾಗುತ್ತದೆ? ತಳ ಮೇಲೇರಿ, ನೀರು ಬದು ಒಡೆದು, ಪಕ್ಕದ ತಗ್ಗು ಹುಡುಕಿಕೊಂಡು ಹೊಸ ದಾರಿ ಮಾಡಿಕೊಳ್ಳುತ್ತದೆ. ಸಿಂಧೂ ಮತ್ತು ಅದರ ಉಪನದಿಗಳು ಇದನ್ನೇ ಮೈಲಿಗಟ್ಟಲೆ ಅಳತೆಯಲ್ಲಿ ಮಾಡುತ್ತವೆ. ರಾವಿ ಇಂದು ಹರಪ್ಪದಿಂದ ದೂರ ಹರಿಯುತ್ತದೆ.

ಇದರಲ್ಲಿ ಹೆಚ್ಚು ಚರ್ಚೆಯಾದದ್ದು ಘಗ್ಗರ್–ಹಾಕ್ರಾ. ಹರಿಯಾಣ, ರಾಜಸ್ಥಾನ ದಾಟಿ ಪಾಕಿಸ್ತಾನದ ಚೋಲಿಸ್ತಾನ್ ಮರಳುಗಾಡಿಗೆ ಹೋಗುವ ಈ ಪಾತ್ರದಲ್ಲಿ ಈಗ ಮಳೆಗಾಲದಲ್ಲಿ ಮಾತ್ರ ನೀರು. ಆದರೆ ಅದರ ಉದ್ದಕ್ಕೂ ಹರಪ್ಪ ಕಾಲದ ನೂರಾರು ನೆಲೆಗಳು ಸಿಕ್ಕಿವೆ. ವೇದದ ಸರಸ್ವತಿ ಇದೇ ಎಂದು ಅನೇಕರು ಗುರುತಿಸುತ್ತಾರೆ. ಇಷ್ಟು ಊರುಗಳಿರಬೇಕಾದರೆ ಹಿಮಾಲಯದ ದೊಡ್ಡ ನದಿಯೇ ಇಲ್ಲಿ ಹರಿಯುತ್ತಿದ್ದಿರಬೇಕು ಎಂದು ಬಹುಕಾಲ ನಂಬಲಾಗಿತ್ತು. 2017ರಲ್ಲಿ ಬಂದ ಒಂದು ಅಧ್ಯಯನ ಅಲ್ಲಿನ ಮರಳಿನ ವಯಸ್ಸು ಅಳೆದು ಬೇರೆ ಮಾತು ಹೇಳಿತು. ಸಟ್ಲೆಜ್ ನದಿ ಒಂದು ಕಾಲಕ್ಕೆ ಇಲ್ಲಿ ಹರಿಯುತ್ತಿತ್ತು. ಆದರೆ ನಗರಗಳು ಏಳುವುದಕ್ಕೆ ಸಾವಿರಾರು ವರ್ಷ ಮೊದಲೇ, ಅಂದರೆ ಇಂದಿಗೆ ಸುಮಾರು 8,000 ವರ್ಷಗಳ ಹಿಂದೆಯೇ, ಆ ದಾರಿ ಬಿಟ್ಟಿತ್ತು. ಇದನ್ನು ಒಪ್ಪದ, ನದಿ ಹರಪ್ಪದ ಮೊದಲ ದಿನಗಳಲ್ಲೂ ತುಂಬಿ ಹರಿಯುತ್ತಿತ್ತು ಎನ್ನುವ ಅಧ್ಯಯನವೂ ಇದೆ.

2017ರ ಅಧ್ಯಯನದ ಮಾತು ನಿಜವಾದರೆ ಒಂದು ಸ್ವಾರಸ್ಯ ಇದೆ. ದೊಡ್ಡ ನದಿ ಬಿಟ್ಟುಹೋದ ಕಣಿವೆಯೇ ಊರು ಕಟ್ಟಲು ಹೇಳಿ ಮಾಡಿಸಿದ ಜಾಗವಾಗಿತ್ತು. ಮೆಕ್ಕಲು ಮಣ್ಣು ಇದ್ದೇ ಇತ್ತು. ಮಳೆಗಾಲದ ಸಣ್ಣ ನೀರು ಬರುತ್ತಿತ್ತು. ಊರು ಕೊಚ್ಚಿ ಹೋಗುವ ಭಯ ಮಾತ್ರ ಇರಲಿಲ್ಲ.

ನದಿಯೇ ಇಲ್ಲದ ನಗರ

ಕಛ್‌ನ ಖಾದಿರ್ ಎಂಬ ನಡುಗಡ್ಡೆಯಲ್ಲಿ ಧೋಲಾವೀರ ಇದೆ. ಸುತ್ತ ಉಪ್ಪಿನ ಬಯಲು. ದೊಡ್ಡ ನದಿ ಹತ್ತಿರದಲ್ಲಿಲ್ಲ. ಮಳೆಗಾಲದಲ್ಲಿ ಹರಿಯುವ ಮನ್ಸರ್, ಮನ್ಹರ್ ಎಂಬ ಎರಡು ಹಳ್ಳಗಳಷ್ಟೇ. ಜನ ಅವುಗಳಿಗೆ ಅಡ್ಡಗಟ್ಟೆ ಹಾಕಿ, ನೀರನ್ನು ಕೋಟೆಯೊಳಗೆ ತಿರುಗಿಸಿ, ಕಲ್ಲು ಕೊರೆದ ಮತ್ತು ಕಟ್ಟಿದ ಕೆರೆಗಳ ಸಾಲಿನಲ್ಲಿ ತುಂಬಿಟ್ಟರು. ಒಂದು ಕೆರೆ 70 ಮೀಟರ್‌ಗೂ ಹೆಚ್ಚು ಉದ್ದ. 2021ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಜಾಗದಲ್ಲಿ ಊರು ಕಟ್ಟುವ ಹಟ ಯಾಕೆ? ಗುಜರಾತಿನ ಮಣಿಕಲ್ಲು, ಶಂಖ, ಸಮುದ್ರದ ದಾರಿ ಎಲ್ಲ ಇಲ್ಲಿಂದ ಕೈಗೆಟುಕುತ್ತಿದ್ದವು. ಜನ ಬಂದದ್ದು ವ್ಯಾಪಾರಕ್ಕೆ. ನೀರಿನ ವ್ಯವಸ್ಥೆ ತಾವೇ ಮಾಡಿಕೊಂಡರು.

ಮಳೆ ಸೊರಗಿದಾಗ

ಇಂದಿಗೆ ಸುಮಾರು 4,200 ವರ್ಷಗಳ ಹಿಂದೆ ಭೂಮಿಯ ಹಲವು ಕಡೆ ಮಳೆ ಕುಗ್ಗಿತು. ಇದರ ಗುರುತು ಮೇಘಾಲಯದ ಮೌಮ್ಲು ಗುಹೆಯಲ್ಲಿದೆ. ಗುಹೆಯೊಳಗೆ ನೀರು ತೊಟ್ಟಿಕ್ಕಿ ಬೆಳೆಯುವ ಕಲ್ಲಿನ ಕಂಬಗಳಲ್ಲಿ ಪ್ರತಿ ಪದರವೂ ಆ ಕಾಲದ ಮಳೆಯ ದಾಖಲೆ. 2018ರಲ್ಲಿ ಭೂವಿಜ್ಞಾನಿಗಳು ಅಲ್ಲಿಂದ ಈಚಿನ ಕಾಲಕ್ಕೆ ‘ಮೇಘಾಲಯನ್ ಯುಗ’ ಎಂದೇ ಹೆಸರಿಟ್ಟರು. ಅದೇ ಆಸುಪಾಸಿನಲ್ಲಿ ಅಕ್ಕಾಡ್ ರಾಜ್ಯ ಕುಸಿಯಿತು, ಈಜಿಪ್ಟಿನ ಪಿರಮಿಡ್ ಕಾಲದ ಆಳ್ವಿಕೆ ಮುರಿಯಿತು. ಎಲ್ಲಕ್ಕೂ ಬರ ಒಂದೇ ಕಾರಣ ಎಂದರೆ ಇತಿಹಾಸಕಾರರು ಒಪ್ಪುವುದಿಲ್ಲ, ರಾಜಕೀಯವೂ ಇತ್ತು.

ಸಿಂಧೂ ನಾಡಿನಲ್ಲಿ ಒಂದೇ ದಿನಕ್ಕೆ ಏನೂ ಮುಳುಗಲಿಲ್ಲ. ಕ್ರಿ.ಪೂ. 1900ರ ನಂತರ ದೊಡ್ಡ ನಗರಗಳು ನಿಧಾನವಾಗಿ ಖಾಲಿಯಾದವು. ಮುದ್ರೆ, ಲಿಪಿ, ಒಂದೇ ಅಳತೆಯ ತೂಕದ ಕಲ್ಲುಗಳು ಮಾಯವಾದವು. ಜನ ಮಾಯವಾಗಲಿಲ್ಲ. ಪೂರ್ವಕ್ಕೆ ಗಂಗಾ, ಯಮುನೆಗಳ ಮೇಲಣ ಬಯಲಿಗೆ, ದಕ್ಷಿಣಕ್ಕೆ ಗುಜರಾತಿನ ಕಡೆಗೆ ಸಣ್ಣ ಊರುಗಳು ಹೆಚ್ಚಿದವು. ಮಳೆ ನಂಬಿ ಬೆಳೆಯುವ ಸಿರಿಧಾನ್ಯ, ಭತ್ತಕ್ಕೆ ಮಹತ್ವ ಬಂತು. ಇಂಥ ಬೆಳೆ ಹಳ್ಳಿಯ ಹೊಟ್ಟೆ ತುಂಬಿಸುತ್ತದೆ. ಆದರೆ ಮೊಹೆಂಜೊದಾರೊದಂಥ ಊರಿಗೆ ಬೇಕಾದಷ್ಟು ಕಾಳು ಒಂದೇ ಕಡೆ ಕೂಡುವುದು ಕಷ್ಟ.

ಆಗ ನಮ್ಮ ಕಡೆ ಏನಿತ್ತು?

ಹರಪ್ಪ ತುಂಬಿ ತುಳುಕುತ್ತಿದ್ದಾಗ ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲು, ಸುರಪುರದ ಕಡೆಯ ಬೂದಿಹಾಳದಲ್ಲೂ ಜನ ಇದ್ದರು. ದನ ಸಾಕುತ್ತಿದ್ದರು, ಗುಡ್ಡದ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ರಾಶಿ ಹಾಕಿದ ಸಗಣಿ ಸುಟ್ಟು ಉಂಟಾದ ಅವರ ಬೂದಿಗುಡ್ಡಗಳು ಕುಡತಿನಿಯಂಥ ಕಡೆ ಈಗಲೂ ನೋಡಸಿಗುತ್ತವೆ. ತುಂಗಭದ್ರೆ, ಕೃಷ್ಣೆ ಅಲ್ಲೇ ಹತ್ತಿರದಲ್ಲಿದ್ದರೂ ನಗರ ಏಳಲಿಲ್ಲ.

ಕಾರಣ ನೆಲದಲ್ಲಿದೆ. ನಮ್ಮ ನದಿಗಳು ಗಟ್ಟಿ ಬಂಡೆಯ ನೆಲವನ್ನು ಕೊರೆದುಕೊಂಡು ತಗ್ಗಿನಲ್ಲಿ ಹರಿಯುತ್ತವೆ. ಹಿಮದ ನೀರಿಲ್ಲ, ಮಳೆ ನಿಂತ ಮೇಲೆ ಬೇಗ ಸೊರಗುತ್ತವೆ. ಸಿಂಧ್‌ನ ಹಾಗೆ ಕಣ್ಣು ಹಾಯುವಷ್ಟು ದೂರ ನೀರು ಹರಡಿ ಮಣ್ಣು ಬಿಟ್ಟುಹೋಗುವ ಬಯಲು ಇಲ್ಲಿಲ್ಲ. ಇಲ್ಲಿಯ ಜನ ಮಳೆಗೆ ಹೊಂದುವ ಹುರುಳಿ, ಹೆಸರು, ಸಣ್ಣ ಸಿರಿಧಾನ್ಯಗಳನ್ನು ಬೆಳೆದರು. ಹುರುಳಿ, ಹೆಸರು ಬೇಸಾಯದ ಅತಿ ಹಳೆಯ ಗುರುತುಗಳು ಸಿಕ್ಕ ಜಾಗಗಳಲ್ಲಿ ದಕ್ಷಿಣ ಭಾರತದ ಈ ನೆಲೆಗಳೂ ಸೇರಿವೆ. ತುಂಗಭದ್ರೆಗೆ ಅಡ್ಡಲಾಗಿ ಕಟ್ಟೆ ಹಾಕಿ, ಬಂಡೆ ಸೀಳಿ, ಕಾಲುವೆಯಲ್ಲಿ ನೀರನ್ನು ಮೇಲಿನ ಹೊಲಗಳಿಗೆ ತಿರುಗಿಸುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದದ್ದು ಸಾವಿರಾರು ವರ್ಷಗಳ ನಂತರ, ವಿಜಯನಗರದ ಕಾಲದಲ್ಲಿ. ಆಗ ತೆಗೆದ ತುರ್ತಾ ಕಾಲುವೆಯ ನೀರಿನಲ್ಲೇ ಹಂಪಿಯ ಸುತ್ತಲಿನ ರೈತರು ಇಂದಿಗೂ ಬಾಳೆ, ಭತ್ತ ಬೆಳೆಯುತ್ತಾರೆ.